ಚನ್ನಬಸವ್ವನ ಹೆಗಲಿಗೆ ಹೊಂದಿದ ಬಂದೂಕು

ಬಂದೂಕಿನ ಅಂಗಡಿಗೆ ಹೆಂಗಸರು ಬರುವುದು ಎರಡೇ ಕಾರಣಕ್ಕೆ. ಒಂದು, ಗಂಡ ತೀರಿಕೊಂಡು ಅವನ ಬಂದೂಕು ಮನೆಯಲ್ಲಿ ಉಳಿದಿರುತ್ತದೆ. ಇನ್ನೊಂದು, ಗಂಡ ಗಟ್ಟಿಯಾಗಿಯೇ ಇದ್ದು, ಅವನ ಕೈಯಲ್ಲಿ ಬಂದೂಕು ಇರುವುದು ಹೆಂಡತಿಗೆ ಹಿಡಿಸುವುದಿಲ್ಲ. ಅಮ್ಮಿನಬಾವಿಯ ಚನ್ನಬಸವ್ವ ಮೊದಲ ಸಲ ಬಂದದ್ದು ಮೊದಲನೆಯ ಕಾರಣಕ್ಕೆ. ಎರಡನೆಯ ಸಲ ಅವರು ತಂದ ಕಾರಣ ಮಾತ್ರ ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಅಂಗಡಿ ನಡೆಸಿದ ನನಗೆ ಹೊಸದು.

ಅವರ ಗಂಡ ರಾಜಶೇಖರಪ್ಪ ನನ್ನ ಹಳೆಯ ಗಿರಾಕಿ. ಗಿರಾಕಿ ಎಂದರೆ ಸುಳ್ಳಾದೀತು. ಅವರು ನನ್ನಿಂದ ಕೊಂಡದ್ದು ಒಂದೇ ಒಂದು ಬಾಟಲಿ ಎಣ್ಣೆ, ಅದನ್ನೂ ಹೊಲಿಗೆ ಯಂತ್ರಕ್ಕೆ ಹಾಕಿದರಂತೆ. ಚುನಾವಣೆ ಬಂತೆಂದರೆ ಲೈಸೆನ್ಸು ಇದ್ದವರೆಲ್ಲ ಬಂದೂಕು ಒಪ್ಪಿಸಿ ರಸೀದಿ ಪಡೆಯಬೇಕು. ಆಗ ನನ್ನ ಅಂಗಡಿ ಬಂದೂಕುಗಳ ಹಾಸ್ಟೆಲ್ಲು. ರಾಜಶೇಖರಪ್ಪ ತಂದೆಯ ಕಾಲದ ಜೋಡುನಳಿಗೆ ಬಂದೂಕನ್ನು ಕೌದಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುವರು, ಚಹಾ ಕುಡಿಯುವರು, ಬಂದೂಕು ಮಾರುವವನ ಹತ್ತಿರ ಹತ್ತಿಯ ಧಾರಣೆ ವಿಚಾರಿಸುವರು, ಹೋಗುವರು. ಆರಡಿ ಮೀರಿದ ಆಳು, ಮಾತು ಮಾತ್ರ ಪಿಸುಗುಟ್ಟಿದಂತೆ. ಹೊಲಕ್ಕೆ ಹಂದಿ ನುಗ್ಗುವ ಊರಿನವರಾದರೂ ಬಂದೂಕಿಗೆ ತುಂಬುವ ತೋಟಾ ಒಂದನ್ನೂ ಕೊಂಡವರಲ್ಲ.

ಅವರು ಎದೆನೋವಿನಿಂದ ತೀರಿಕೊಂಡ ಮೇಲೆ ಚನ್ನಬಸವ್ವ ಬಂದು ಕೇಳಿದರು, "ಸಾವಕಾರ್ರ, ಈಗ ಅದಕ್ಕ ಏನ್ ಮಾಡಬೇಕ್ರಿ?"

"ಮೂರು ದಾರಿ ಅದಾವ ವೈನಿ. ಸರಕಾರಕ್ಕ ಕೊಡ್ರಿ, ನನಗ ಮಾರ್ರಿ, ಇಲ್ಲಾ ನಿಮ್ಮ ಹೆಸರ್ಲೆ ಲೈಸೆನ್ಸ್ ಮಾಡಸ್ರಿ. ಮಾರೂದು ಛಲೋ. ಉಪದ್ವ್ಯಾಪ ಇಲ್ಲ."

"ನಿಮಗ ಛಲೋ, ಖರೇ. ಅದರ ಮ್ಯಾಲ ಅವರ ಕೈ ಇಟ್ಟ ಜಾಗಾ ಹಂಗಽ ಕರ್ರಗ ಐತ್ರಿ. ಅದನ್ನ ಮಾರ್ಲ್ಯಾ?"

ವ್ಯಾಪಾರ ಅಲ್ಲಿಗೆ ಮುಗಿಯಿತು. ಲೈಸೆನ್ಸು ಬೇಕಾದವರು ಬಂದೂಕನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿ ಪಡೆದು ಪ್ರಮಾಣಪತ್ರ ತರಬೇಕು. ಅದಕ್ಕಾಗಿ ನಾನು ಅವರನ್ನು ಕುಮಾರಸ್ವಾಮಿಯವರ ಹತ್ತಿರ ಕಳಿಸಿದೆ. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದ ಕುಮಾರಸ್ವಾಮಿ ಮುಗದ ಊರಿನ ಆಚೆಯ ಕಲ್ಲುಭೂಮಿಯಲ್ಲಿ ಒಂದು ಮೈದಾನ ಮಾಡಿಕೊಂಡಿದ್ದಾರೆ. ತಗ್ಗಿನಲ್ಲಿ ಕೂರಿಸಿದ ಯಂತ್ರ ಅಂಗೈಯಗಲದ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ. ಅದು ನೆಲ ಮುಟ್ಟುವುದರೊಳಗೆ ಹೊಡೆದು ಪುಡಿ ಮಾಡಬೇಕು. ಆಟ ಅಷ್ಟೆ. ಮಣ್ಣಿನ ಬಿಲ್ಲೆ ಎಂದು ಹೆಸರು, ಒಳಗಿರುವುದು ಸುಣ್ಣದಕಲ್ಲಿನ ಪುಡಿ ಮತ್ತು ಡಾಂಬರು. ಹೆಸರು ಬೇರೆ ಮಾಲು ಬೇರೆ ಇರುವುದನ್ನು ಕಂಡು ಬೆಚ್ಚುವ ವಯಸ್ಸು ನನ್ನದಲ್ಲ.

ತರಬೇತಿಯ ಕೊನೆಯ ದಿನ ಕುಮಾರಸ್ವಾಮಿ ಸುಮ್ಮನೆ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಚಹಾ ಕೊಡುವ ಹಾಗೆ, ತಮ್ಮ ಬಂದೂಕನ್ನೇ ಆಕೆಯ ಕೈಗೆ ಕೊಟ್ಟು ಮೂರ್ನಾಲ್ಕು ಬಿಲ್ಲೆ ಹಾರಿಸಿದರು. ಮೊದಲಿನವು ಹಾರಿಹೋದವು. ಆಮೇಲಿನದೊಂದು ಆಕಾಶದಲ್ಲೇ ಕರಿಯ ಹುಡಿಯಾಯಿತು.

"ಅಕ್ಕಾರು ನಕ್ಕರ್ರಿ," ಎಂದು ಕುಮಾರಸ್ವಾಮಿ ಫೋನಿನಲ್ಲಿ ಹೇಳಿದರು. "ಹೆಂಗ ನಕ್ಕರು ಅಂದ್ರ, ಸೆರಗ ಬಾಯಿಗೆ ಇಟ್ಕೊಂಡ್ರು, ಆದ್ರೂ ನಿಲ್ಲವಲ್ದು. ಜೋಡೀಲೆ ಬಂದಿದ್ದ ಮಗಳು ಐಶ್ವರ್ಯಾ ಅಳಾಕ ಶುರು ಮಾಡಿದ್ಲು. ಅಪ್ಪ ಹೋದಮ್ಯಾಲ ಅವ್ವ ನಕ್ಕಿದ್ದು ಇದಽ ಮೊದಲ ಅಂತ."

ಅಂದಿನಿಂದ ಚನ್ನಬಸವ್ವ ಪ್ರತಿ ರವಿವಾರ ಮುಗದಕ್ಕೆ ಹೋಗತೊಡಗಿದರು. ಊರಲ್ಲಿ ಮಠಕ್ಕೆ ಹೋಗುತ್ತೇನೆ ಎಂದು ಹೇಳುತ್ತಿದ್ದರಂತೆ. ಅಮ್ಮಿನಬಾವಿಯಲ್ಲಿ ಅವರ ಭಕ್ತಿಗೆ ಒಳ್ಳೆಯ ಹೆಸರು ಬಂತು.

ಲೈಸೆನ್ಸು ಕೈಗೆ ಬಂದು, ಅಲ್ಲಿಯವರೆಗೆ ನನ್ನಲ್ಲಿ ಒಪ್ಪಿಸಿದ್ದ ಜೋಡುನಳಿಗೆಯನ್ನು ಮನೆಗೆ ಒಯ್ದ ಕೆಲವು ವಾರಗಳ ನಂತರ ಅವರು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಬಗಲಲ್ಲಿ ಅದೇ ಕೌದಿಯ ಗಂಟು.

"ಸಾವಕಾರ್ರ, ಇದರ್ಲೆ ಆ ಬಿಲ್ಲಿ ಒಡೀತಾವೋ ಇಲ್ಲೋ, ಅಷ್ಟ ಹೇಳ್ರಿ."

"ಯಾಕ್ರಿ ವೈನಿ, ಹವಾಲ್ದಾರ್ರು ತಮ್ಮದು ಕೊಡೂದು ಬಿಟ್ರೇನು?"

"ಕೊಡ್ತಾರ್ರಿ. ಆದ್ರ ಅದು ಗಂಡಸರ ಅಳತಿದು. ಹೆಗಲಿಗಿಟ್ರ ಬೆರಳು ಬಂದೂಕಿನ ಕುದರಿಗೆ ಮುಟ್ಟೂದಿಲ್ಲ, ಕುದರಿ ಹಿಡದ್ರ ಹೆಗಲಿಗೆ ಕೂಡೂದಿಲ್ಲ. ಗುಂಡ ಹಾರಿದಾಗೊಮ್ಮೆ ಒದೀತೈತಿ. ಹೆಗಲ ನೀಲಿಗಟ್ಟೇತಿ. ಬಚ್ಚಲದಾಗ ಜಾರಿ ಬಿದ್ನಿ ಅಂತ ಓಣ್ಯಾಗ ಹೇಳೀನಿ. ಎಷ್ಟ ಸಲ ಜಾರೂದ್ರಿ? ನಿನ್ನೆ ಬಾಜೂಕಿನ ಬಾಳವ್ವ ಬಚ್ಚಲಾ ತಿಕ್ಕಾಕ ಪುಡಿ ತಂದ ಕೊಟ್ಲು."

ಹಿಂದಿನ ಕೋಣೆಯಲ್ಲಿ ಕೂತಿದ್ದ ಇಕ್ಬಾಲ ನಕ್ಕ. ಬಂದೂಕುಗಳ ರಿಪೇರಿ, ಮರದ ಕೆಲಸ ಎರಡೂ ಅವನವೇ. ನನ್ನ ಅಂಗಡಿ ನಿಂತಿರುವುದು ಅವನ ಕೈಗುಣದ ಮೇಲೆ, ಇದನ್ನು ಅವನಿಗೆ ಮಾತ್ರ ಹೇಳಿಲ್ಲ.

"ಅಕ್ಕಾರ, ಒದಿಬಾರದಂತ ಏನ್ ಮಾಡ್ತೀರಿ?" ಎಂದು ಕೇಳಿದ.

"ಸೆರಗು ನಾಕ ಮಡಿಕಿ ಮಾಡಿ ಹೆಗಲಿಗೆ ಇಟ್ಕೊಂತೇನಿ."

"ಅದಕ್ಕಽ ಮತ್ತ. ಮೊದಲಽ ಉದ್ದ ಐತಿ, ಅದರಾಗ ನೀವು ಇನ್ನೂ ನಾಕ ಮಡಿಕಿ ಉದ್ದ ಮಾಡೀರಿ. ಇಲಕಲ್ಲ ಸೀರಿ ಮ್ಯಾಲ ಬಂದೂಕು ಜಾರೂದು ಬ್ಯಾರೆ."

ಚನ್ನಬಸವ್ವ, "ಹಂಗಾರ ಇದನ್ನಽ ಸಣ್ಣದು ಮಾಡಿ ಕೊಡ್ರಿ," ಎಂದು ಗಂಡನ ಬಂದೂಕನ್ನು ಅವನ ಮುಂದೆ ಸರಿಸಿದರು. "ನಮ್ಮ ಮನಿಯವರದು ಇರಾಗ ಇನ್ನೊಂದ್ಯಾಕ ತಗೊಳ್ಳಿ? ಅವರಂತೂ ಒಮ್ಮಿನೂ ಹಾರಸ್ಲಿಲ್ಲ. ಹಂದಿ ಕಾಯಾಕ ಹೋದ್ರ ಬಂದೂಕ ಹೆಗಲಿಗೆ ಹಾಕ್ಕೊಂಡು ಎಣ್ಣಿ ಡಬ್ಬಿ ಬಡೀತಿದ್ರು. ಅಷ್ಟ ದೊಡ್ಡ ಆಳು, ಗುಂಡಿನ ಸಪ್ಪಳಕ್ಕ ಅಂಜತೀರಿ ಅಂತ ನಾ ಬೀಗರ ಮುಂದೂ ಕಾಡಸ್ತಿದ್ನಿ. ಸುಮ್ಮ ನಗತಿದ್ರು."

ಇಕ್ಬಾಲ ಬಂದೂಕನ್ನು ನಡುವಿಗೆ ಮಡಿಚಿ ತೆರೆದು ನಳಿಗೆಗಳನ್ನು ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ನಳಿಗೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ನಳಿಗೆಯ ಒಳಗೇನಿದೆ ಎಂಬುದು ನನಗೂ ಗೊತ್ತಿತ್ತು. ಗೋಡೆಗೆ ತೂಗುಹಾಕುವ ಬಂದೂಕಿನ ಹೊಟ್ಟೆ ಹೇಗಿದ್ದರೂ ನಡೆಯುತ್ತದೆ; ಹಾರಿಸುವ ಬಂದೂಕಿನದು ನಡೆಯುವುದಿಲ್ಲ. ಇದರ ಒಳಮೈಯನ್ನು ಸಿಡುಬು ಬಂದ ಮುಖದ ಹಾಗೆ ಕುಳಿ ಕುಳಿಯಾಗಿ ತುಕ್ಕು ತಿಂದಿತ್ತು. ಅದರಲ್ಲಿ ಇಂದಿನ ತೋಟಾ ಹಾಕಿ ಹಾರಿಸಿದರೆ ಬಿಲ್ಲೆಯ ಬದಲು ಹಾರಿಸಿದವರ ಕೈ ಪುಡಿಯಾದೀತು.

"ಇದನ್ನ ಹಾರಸಾಕ ಬರೂದಿಲ್ಲ ವೈನಿ," ಎಂದೆ. "ಹಳೇ ಕಾಲದ ಕಬ್ಬಣ. ವಯಸ್ಸಾತು."

"ವಯಸ್ಸಾತು," ಎಂದರು ಅವರು. "ಸಾವಕಾರ್ರ, ಮೊದಲನೇ ಸಲಾ ಬಂದಾಗ ಮಾರೂದು ಛಲೋ ಅಂದಾಗ ಚಾಳೀಸ ತಗದು ಒರಸಿದ್ರಿ. ಈಗೂ ಒರಸಾಕತ್ತೀರಿ. ಖರೇ ಏನೈತಿ ಹೇಳ್ರಿ."

ನಾನು ಕನ್ನಡಕವನ್ನು ಮೂಗಿಗೆ ಏರಿಸಿದೆ. ಗಿರಾಕಿ ನಮ್ಮನ್ನು ಓದತೊಡಗಿದರೆ ಬಾಯಿ ಮುಚ್ಚಿಕೊಳ್ಳುವುದು ವ್ಯಾಪಾರದ ಕ್ರಮ. ಆದರೆ ಈ ಹೆಂಗಸು ಮನೆಗೆ ಹೋಗಿ ತಾನೇ ತೋಟಾ ತುಂಬಿ ನೋಡುವಂಥವರು.

"ದಸರಾದಾಗ ಖಂಡೇ ಪೂಜಿಗೆ ಇದನ್ನ ಹೆಂಗ ಪೂಜಿ ಮಾಡ್ತಿದ್ರಿ?" ಎಂದು ಕೇಳಿದೆ.

"ಎಲ್ಲಾರೂ ಮಾಡಿದಂಗ. ಕುಡಗೋಲು, ಕೊಡ್ಲಿ, ಕುಂಟಿ ಎಲ್ಲಾ ತೊಳದು ಜಗಲೀ ಮುಂದ ಇಡ್ತಿದ್ನಿ. ಬಂದೂಕ ನಟ್ಟನ ನಿಲ್ಲಿಸಿ, ವಿಭೂತಿ ಕಲಸಿ ಹಚ್ಚಿ, ಕಾಯಿ ಒಡದು ಮ್ಯಾಲಿಂದ ಅದರ ನೀರು ಎರೀತಿದ್ನಿ."

"ಮ್ಯಾಲಿಂದ. ಅಂದ್ರ ಬಾಯಾಗ."

"ಹೂಂ."

"ಆಮ್ಯಾಲ?"

"ಆಮ್ಯಾಲೇನು, ಬನ್ನಿ ಮುಡಿಯೂತನಕ ಮುಟ್ಟಬಾರದಲ್ರಿ. ದೇವರು ಕೂತಿರ್ತಾರ." ಮಾತು ಮುಗಿಸುತ್ತಿದ್ದಂತೆಯೇ ಅವರ ಮುಖ ಬದಲಾಯಿತು. ತೆಂಗಿನ ನೀರು ನಳಿಗೆಯ ತಳದಲ್ಲಿ ನಿಂತು, ದೇವರೊಂದಿಗೆ ತಾನೂ ಹಬ್ಬ ಮುಗಿಯುವ ತನಕ ಕೂತಿರುತ್ತಿದ್ದುದು ಅವರ ಕಣ್ಣಿಗೆ ಕಟ್ಟಿರಬೇಕು. ಮದುವೆಯಾಗಿ ಬಂದ ವರ್ಷದಿಂದ ಆ ಪೂಜೆ ಅವರದೇ.

"ಅವರಿಗೆ ಗೊತ್ತಿತ್ತೇನ್ರಿ?" ಎಂದರು.

ಇದಕ್ಕೆ ಸುಳ್ಳು ಹೇಳಬಹುದಿತ್ತು. ಕನ್ನಡಕ ಮುಟ್ಟದೆಯೂ ಹೇಳಬಲ್ಲೆ. ಆದರೆ ಸತ್ತವನ ಪರವಾಗಿ ಹೇಳಬೇಕಾದ ಒಳ್ಳೆಯ ಮಾತೊಂದು ನನ್ನ ಹತ್ತಿರ ಉಳಿದುಬಿಟ್ಟಿತ್ತು. ಅದನ್ನು ಇಟ್ಟುಕೊಳ್ಳಲು ನಾನು ಯಾರು?

"ಗೊತ್ತಿತ್ತು. ಮೊದಲನೇ ಚುನಾವಣೆಗೆ ತಂದಾಗಽ ನಾ ನೋಡಿ ಹೇಳಿದ್ದೆ. ಮನ್ಯಾಗ ಹೇಳ್ರಿ, ಕಾಯಿ ಹೊಸ್ತಲಕ್ಕ ಒಡೀರಿ, ಬಂದೂಕಿಗೆ ನೀರು ತಾಗಸಬ್ಯಾಡ್ರಿ ಅಂತ. ಅವರು ಅಂದ್ರು, ಆಕಿ ಅದನ್ನ ಅಷ್ಟ ಪ್ರೀತೀಲೆ ಮಾಡ್ತಾಳ್ರಿ, ಅಷ್ಟು ಹೂವು ನನಗೂ ಹಾಕಿಲ್ಲ. ಬಂದೂಕು ಹೋದ್ರ ಹೋಗ್ಲಿ, ಹಂದಿ ಓಡಸಾಕ ಡಬ್ಬಿ ಐತಿ ಅಂದ್ರು."

ಚನ್ನಬಸವ್ವ ಬಂದೂಕಿನ ಮೇಲೆ ಗಂಡನ ಕೈ ಕಪ್ಪಾಗಿಸಿದ ಜಾಗದ ಮೇಲೆ ಸೆರಗಿನ ತುದಿ ಎಳೆದರು, ನಿದ್ದೆ ಹೋದ ಮಗುವಿಗೆ ಹೊದಿಸುವ ಹಾಗೆ. ಆಮೇಲೆ ಅದನ್ನು ಅಲ್ಲಿಯೇ ಬಿಟ್ಟು, ಬಂದ ಚಹಾ ಮುಟ್ಟದೆ, ಮೆಟ್ಟಿಲಿಳಿದು ಹೋದರು.

"ಹೇಳಬಾರದಿತ್ತರಿ ಸಾವಕಾರ್ರ," ಎಂದ ಇಕ್ಬಾಲ.

"ಹೌದು," ಎಂದೆ.

ಮುಂದಿನ ರವಿವಾರ ಅವರು ಮುಗದಕ್ಕೆ ಹೋಗಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಕುಮಾರಸ್ವಾಮಿ ನನಗೆ ಫೋನು ಮಾಡಿ, ಅಕ್ಕಾರಿಗೆ ಏನಂದ್ರಿ ಎಂದು ಕೇಳಿದರು. ಧ್ವನಿಯಲ್ಲಿ ಹವಾಲ್ದಾರಿಕೆ ಇತ್ತು. ಐಶ್ವರ್ಯಾ ಧಾರವಾಡದಿಂದ ಮಾತಾಡಿ, ಅವ್ವ ಮತ್ತೆ ಮಾತು ಕಡಿಮೆ ಮಾಡಿದ್ದಾಳೆ ಎಂದಳು. ಒಂದು ಬಿಲ್ಲೆ ಒಡೆದು ಬಂದಿದ್ದ ನಗು ನನ್ನ ಅಂಗಡಿಯಲ್ಲಿ ಹೋಯಿತು ಎಂದಾಯಿತು. ನಷ್ಟ ನನಗೆ ಹೊಸದಲ್ಲ, ಇಂಥ ನಷ್ಟ ಹೊಸದು.

ಆ ದಿನಗಳಲ್ಲಿಯೇ ಒಬ್ಬ ಕಟ್ಟಡ ಕಾಂಟ್ರ್ಯಾಕ್ಟರರು ತಮ್ಮ ಬಂದೂಕು ಮಾರಲು ತಂದರು. ನಮ್ಮ ದೇಶದ್ದೇ ತಯಾರಿಕೆ, ನಳಿಗೆಗಳು ಒಂದರ ಮೇಲೊಂದು, ಕುದುರೆ ಒಂದೇ, ಸೊಗಸು ಕಡಿಮೆ, ತೂಕ ಬೇಕಾದಷ್ಟು. ಮೊದಲ ಬಂದೂಕು ಕೇಳಿ ಬರುವವರಿಗೆ ನಾನು ಹೇಳುವುದು ಇಷ್ಟೆ: ಸಿರಿವಂತ ಹಂಬಲದಿಂದ ಕೊಂಡು, ಹಂಬಲ ತೀರಿದ ಮೇಲೆ ಮಾರುವ ಬಂದೂಕಿಗೆ ಕಾಯಿರಿ. ಹೊಸದರ ಮೈ, ಹಳೆಯದರ ಬೆಲೆ. ಪರದೇಶದ ಹೆಸರಿಗೆ ಕೊಡುವ ದುಡ್ಡನ್ನು ತೋಟಾಕ್ಕೆ ಉಳಿಸಿ. ಬಂದೂಕು ಒಮ್ಮೆ ತಿನ್ನುತ್ತದೆ, ತೋಟಾ ವಾರವಾರ ತಿನ್ನುತ್ತದೆ. ಹಗುರವಾದದ್ದು ಕೈಗೆ ಹಿತ, ಹೆಗಲಿಗೆ ವೈರಿ. ಭಾರವೇ ಒದೆತವನ್ನು ನುಂಗುವುದು. ಈ ಉಪದೇಶ ಕೇಳಿದ ಮೇಲೆ ಜನ ಹೊಳೆಯುವುದನ್ನೇ ಕೊಳ್ಳುತ್ತಾರೆ, ಅದರ ಮೇಲೆಯೇ ನನ್ನ ಸಂಸಾರ ನಡೆದಿದೆ.

ಕಾಂಟ್ರ್ಯಾಕ್ಟರರ ಬಂದೂಕನ್ನು ನಾನು ಕಪಾಟಿನಲ್ಲಿ ಹಿಂದಕ್ಕೆ ಸರಿಸಿಟ್ಟೆ. ಇಬ್ಬರು ಗಿರಾಕಿಗಳು ಕೇಳಿದರು, ಇದೆ ಎಂದು ಹೇಳಲಿಲ್ಲ. ಇಕ್ಬಾಲ ನೋಡಿಯೂ ನೋಡದವನಂತಿದ್ದ.

ಚನ್ನಬಸವ್ವ ಬಂದದ್ದು ಒಂದು ಮಧ್ಯಾಹ್ನ. ಕೂರಲೂ ಇಲ್ಲ, ಬೈಯಲು ಶುರು ಮಾಡಿದರು. ಬೈದದ್ದು ನನ್ನನ್ನಲ್ಲ.

"ಒಂದ ಮಾತು ಹೇಳಿದ್ರ ಏನಾಗ್ತಿತ್ರಿ? ನಾ ಏನ ಹುಲೀನಾ? ಏ, ಕಾಯಿ ಹೊರಗ ಒಡಿ ಅಂದಿದ್ರ ಒಡೀತಿದ್ನಿ. ಊರ ಮಂದಿ ಮುಂದ ಅಂಜುಬುರಕಾ ಅಂತ ಅನಸ್ಕೊಂಡು, ನಕ್ಕೊಂತ ಡಬ್ಬಿ ಬಡಕೊಂತ ತಿರುಗ್ಯಾರ. ಈಗ ನಾ ಯಾರ ಹಂತ್ಯಾಕ ಹೋಗಿ ಜಗಳಾ ತಗೀಲಿ?"

"ನನ್ನ ಹಂತ್ಯಾಕ ತಗೀರಿ. ಚಹಾ ತರಸ್ತೇನಿ."

"ತರಸ್ರಿ. ಸಕ್ಕರಿ ಕಡಿಮಿ." ಕೂತರು. ಸೆರಗಿನಿಂದ ಕಣ್ಣು ಒರೆಸಿಕೊಂಡರು, ಧೂಳು ಬಿದ್ದವರ ಹಾಗೆ. "ಮನ್ಯಾಗ ಕುಂತು ಕುಂತು ವಿಚಾರ ಮಾಡಿದ್ನಿ. ನಾ ಅವರ ಬಂದೂಕಿನ ಮ್ಯಾಲ ಪ್ರೀತಿ ಮಾಡಿ ಅದನ್ನ ಕೆಡಿಸಿದ್ನಿ. ಅವರು ನನ್ನ ಮ್ಯಾಲ ಪ್ರೀತಿ ಮಾಡಿ ಕೆಡಸಾಕ ಬಿಟ್ರು. ಅದು ನಮ್ಮಿಬ್ಬರದಾತು. ಅದು ಮನ್ಯಾಗಿರ್ಲಿ. ಆ ಬಿಲ್ಲಿ ಒಡೆಯೂದು ನಂದೊಬ್ಬಾಕಿದು. ಅದಕ್ಕ ನನ್ನ ಹೆಗಲಿಗೆ ಹೊಂದೂದಽ ಬೇಕು. ತೋರಸ್ರಿ."

ನಾನು ಮೊದಲು ಹೊಳೆಯುವ ಒಂದನ್ನು ತೋರಿಸಿದೆ. ಅಭ್ಯಾಸಬಲ. ಆಕೆ ಅದನ್ನು ಎತ್ತಿ, ಒನಕೆಯ ತೂಕ ನೋಡುವವರಂತೆ ಕುಲುಕಿ, "ಇದು ಸೊಸಿಗೆ ಛಲೋ," ಎಂದು ಹಿಂದಕ್ಕಿಟ್ಟರು. ಅವರಿಗೆ ಸೊಸೆ ಇಲ್ಲ. ಆಮೇಲೆ ಕಾಂಟ್ರ್ಯಾಕ್ಟರರದನ್ನು ತೆಗೆದೆ.

ಇಕ್ಬಾಲ ಅವರನ್ನು ಗೋಡೆಯ ಮೇಲಿನ ಗಡಿಯಾರಕ್ಕೆ ಎದುರಾಗಿ ನಿಲ್ಲಿಸಿದ. ಬಂದೂಕು ಖಾಲಿ ಇರುವುದನ್ನು ಅವರಿಗೆ ತೋರಿಸಿ ಕೊಟ್ಟ.

"ಕಣ್ಣು ಮುಚ್ಚರಿ ಅಕ್ಕಾರ. ಮುಚ್ಚಿಕೊಂಡಽ ಹೆಗಲಿಗೆ ತರ್ರಿ. ಗಲ್ಲ ಅದರ ಮ್ಯಾಲ ಒರಗಸ್ರಿ, ದಿಂಬಿನ ಮ್ಯಾಲ ಇಟ್ಟಂಗ. ಈಗ ಕಣ್ಣು ತಗೀರಿ. ಏನ್ ಕಾಣತೈತಿ?"

"ಗಡಿಯಾರದ ಮ್ಯಾಲಿನ ಹಲ್ಲಿ."

"ಉದ್ದ ಆತು. ಹೊಂದಿದ್ರ ಕಣ್ಣ ತಗದಕೂಡ್ಲೆ ನಳಿಗೀ ತುದಿ, ಗಡಿಯಾರ ಒಂದಽ ಗೆರಿಯಾಗ ಬರ್ತಾವ. ಬಿಲ್ಲಿ ಹಾರೂಮುಂದ ಹುಡಕಾಕ ಟೈಮ್ ಇರೂದಿಲ್ಲ."

ಹೆಗಲಿಗೆ ಒರಗುವ ಮರದ ಭಾಗಕ್ಕೆ ನಮ್ಮಲ್ಲಿ ಕುಂದಾ ಎನ್ನುತ್ತಾರೆ. ಅದನ್ನು ಎರಡು ಬೆರಳಗಲ ಕತ್ತರಿಸಬೇಕು, ಗಲ್ಲ ತಾಗುವಲ್ಲಿ ಚೂರು ಕೆತ್ತಬೇಕು ಎಂದ ಇಕ್ಬಾಲ, ಪೆನ್ಸಿಲ್ಲಿನಿಂದ ಗೆರೆ ಎಳೆದ. ಆಗ ವ್ಯಾಪಾರಿಯಾಗಿ ನಾನು ಹೇಳಲೇಬೇಕಾದ ಮಾತೊಂದಿತ್ತು.

"ವೈನಿ, ವಿಚಾರ ಮಾಡ್ರಿ. ಕುಂದಾ ನಿಮ್ಮ ಅಳತೀಗೆ ಕೊಯ್ದ್ರ ನಾಳೆ ಇದು ಬ್ಯಾರೇದವರಿಗೆ ಆಗೂದಿಲ್ಲ. ಬ್ಯಾಸರಾತು ಅಂತ ಮಾರಾಕ ತಂದ್ರ ನಾ ಅರ್ಧಾ ರೇಟಿಗೂ ಹಿಡಿಯೂದಿಲ್ಲ. ಈಗಽ ಹೇಳಾಕತ್ತೇನಿ."

ಚನ್ನಬಸವ್ವ ಬಂದೂಕನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ಸಾವಕಾರ್ರ, ಅಮ್ಮಿನಬಾವ್ಯಾಗ ನನ್ನ ಮನ್ಯಾಗ ಇರೂ ಪಾತ್ರೆ ಅತ್ತಿದು, ಮಂಚ ಅವರ ಅಜ್ಜಾಂದು, ಬಂದೂಕ ಮಾವಂದು, ಕೊರಳಾನ ಬೋರಮಾಳ ತವರಮನೀದು. ನನ್ನ ಅಳತೀಗೆ ಅಂತ ಮಾಡಿದ್ದು ಕುಪ್ಪಸ ಒಂದಽ. ಕೊಯ್ಯಾಕ ಹೇಳ್ರಿ."

ಇಕ್ಬಾಲ ಗರಗಸ ತೆಗೆದುಕೊಂಡ. ಅವರು ಹತ್ತಿರ ನಿಂತು, ಗೆರೆ ದಾಟದಂತೆ ಅವನಿಗೆ ಎಚ್ಚರಿಕೆ ಹೇಳುತ್ತ, ಅವನ ತಾಳ್ಮೆ ಪರೀಕ್ಷಿಸಿದರು. ಹಳೆಯ ಜೋಡುನಳಿಗೆಯ ಒಳಗೆ ತೋಟಾಕ್ಕೆ ಬಡಿಯುವ ಪಿನ್ನುಗಳನ್ನೂ ಅವನು ಅಂದೇ ತೆಗೆದ, ಯಾರೂ ಗೊತ್ತಿಲ್ಲದೆ ಹಾರಿಸಬಾರದೆಂದು. ಲೈಸೆನ್ಸಿನಲ್ಲಿ ಎರಡಕ್ಕೆ ಜಾಗವಿದೆ. ಕಚೇರಿಯ ಕಾಗದಪತ್ರ ಮುಗಿಸಿ ಎರಡನ್ನೂ ಮನೆಗೆ ಒಯ್ದರು. ಹೊಸ ಬಂದೂಕಿನಲ್ಲಿ ನನಗೆ ಉಳಿದ ಚಿಲ್ಲರೆ ಲಾಭವನ್ನು ಹೇಳಿದರೆ ಪೇಟೆಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ.

ರವಿವಾರ ನಾನೂ ಮುಗದಕ್ಕೆ ಹೋದೆ. ಮಾರಿದ ಮಾಲಿನ ಹಿಂದೆ ಹೋಗುವ ಚಟ ನನಗಿಲ್ಲ, ಅಂದು ಅಂಗಡಿಗೆ ರಜೆ ಇತ್ತು. ಚನ್ನಬಸವ್ವ ಕುಪ್ಪಸದ ಹೆಗಲಿಗೆ ದಪ್ಪ ಬಟ್ಟೆಯ ತೇಪೆ ಹೊಲಿದುಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಕಿವಿಗೆ ಹತ್ತಿ ತುರುಕಿ ನಿಂತಿದ್ದರು. ಬಿಲ್ಲೆ ಬಿಡಲು ಶೂಟರುಗಳು ಪುಲ್ ಎಂದು ಕೂಗುವುದು ರೂಢಿ. ಅವರು, "ಬಿಡ್ರಿ ಅಣ್ಣಾರ," ಎನ್ನುವರು.

"ಅಕ್ಕಾರ, ಅಣ್ಣಾರ ಅನ್ನೂದು ಬಿಡ್ರಿ," ಎಂದರು ಕುಮಾರಸ್ವಾಮಿ. "ನೀವು ನನಗ ಮರ್ಯಾದಿ ಕೊಡೂದರಾಗ ಬಿಲ್ಲಿ ಅರ್ಧಾ ದಾರಿ ಹೋಗಿರ್ತೈತಿ."

"ಹಿರೇರಿಗೆ ಬರೇ ಬಿಡು ಅನ್ನಾಕ ಆಗ್ತೈತೇನ್ರಿ?"

ಮೊದಲ ಬಿಲ್ಲೆ ಹಾರಿಹೋಯಿತು. ಎರಡನೆಯದೂ. ಬಂದೂಕು ಒದೆಯಲಿಲ್ಲ, ಅಷ್ಟನ್ನು ಅವರ ಮುಖವೇ ಹೇಳಿತು. ಆಮೇಲಿನ ಬಿಲ್ಲೆ ಬಲಕ್ಕೆ ವಾಲಿ ಹಾರಿತು. ನಳಿಗೆ ಅದರ ಜೊತೆಗೇ ತಿರುಗಿ, ಸದ್ದು ಬಂತು, ಬಿಲ್ಲೆ ಇದ್ದ ಜಾಗದಲ್ಲಿ ಕರಿಯ ಹೊಗೆಯಂಥ ಹುಡಿ ಮಾತ್ರ ಉಳಿಯಿತು. ಅವರು ನಗುತ್ತಾರೆಂದು ನಾನು ಕಾದೆ. ನಗಲಿಲ್ಲ. ಬಂದೂಕು ಮಡಿಚಿ ಖಾಲಿ ತೋಟಾ ತೆಗೆದು, ಇನ್ನೊಂದು ಹಾಕಿ, ಗಲ್ಲ ಒರಗಿಸಿದರು.

ಆಟ ಮುಗಿಯುವ ಹೊತ್ತಿಗೆ ಒಡೆದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಬಿಸಿಲಿಗೆ ಕೆಂಪಾದ ಮುಖದಲ್ಲಿ ನನ್ನ ಹತ್ತಿರ ಬಂದು ಚನ್ನಬಸವ್ವ ತಮ್ಮ ಮೊದಲ ದೂರು ಕೊಟ್ಟರು.

"ಸಾವಕಾರ್ರ, ಇಕ್ಬಾಲಗ ಹೇಳ್ರಿ, ಗಲ್ಲದ ಹಂತ್ಯಾಕ ಇನ್ನೊಂದೀಟು ಕೆತ್ತಬೇಕು. ಎಡಕ್ಕ ಹೋಗೂವು ಎಲ್ಲಾ ತಪ್ಪಾಕತ್ತಾವ."

"ಅದು ಬಂದೂಕಿನ ತಪ್ಪಲ್ರಿ ವೈನಿ, ಕೈಯ ತಪ್ಪು."

"ಕೈ ನಂದು. ಅದಕ್ಕ ನಾ ಏನೂ ಅನ್ನೂದಿಲ್ಲ," ಎಂದು ಹೇಳಿ, ಬಂದೂಕನ್ನು ಹೆಗಲಿಗೇರಿಸಿಕೊಂಡು, ಅಮ್ಮಿನಬಾವಿಗೆ ಹೋಗಲು ನನ್ನ ಕಾರಿನ ಕಡೆಗೆ ನಡೆದರು. ಬಿಡುತ್ತೀರಾ ಎಂದು ಕೇಳಲಿಲ್ಲ. ದಾರಿಯುದ್ದಕ್ಕೂ ಎಡಕ್ಕೆ ಹಾರುವ ಬಿಲ್ಲೆಗಳ ಬಗ್ಗೆಯೇ ಮಾತಾಡಿದರು.